ಮೂರು ಊರಿನ ಅಂಬಲಿ

ಹಿಟ್ಟು ಹುಳಿಗೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಕಲಬುರಗಿ ಕಡೆಯ ಹೆಂಗಸರು ಗಡಿಯಾರ ನೋಡುವುದಿಲ್ಲ. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಳ್ಳುತ್ತಾರೆ, ಅಷ್ಟೆ. ರಾತ್ರಿ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಮೇಲೆ ಸಣ್ಣ ಗುಳ್ಳೆ ಎದ್ದಿರುತ್ತದೆ. ಬೇಸಿಗೆಯಲ್ಲಿ ಬೇಗ, ಚಳಿಗಾಲದಲ್ಲಿ ತಡ. ಅದನ್ನು ಕುದಿಯುವ ನೀರಿಗೆ ಬಿಟ್ಟು, ಗಂಟಾಗದಂತೆ ತಿರುವಿ, ಆರಿಸಿ, ಮಜ್ಜಿಗೆ, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಬೆರೆಸಿದರೆ ಅಂಬಲಿ. ಹೋಳಿಗೆಗೆ ಸಿಗುವ ಮರ್ಯಾದೆ ಇದಕ್ಕಿಲ್ಲ. ಆದರೆ ಎಳ್ಳಮಾವಾಸ್ಯೆಯ ದಿನ ಮಾತ್ರ ಭಜ್ಜಿ, ಸಜ್ಜಿ ರೊಟ್ಟಿ, ಕಡುಬಿನ ಜೊತೆಗೆ ಅಂಬಲಿಯ ಗಡಿಗೆಯೂ ಹೊಲಕ್ಕೆ ಹೋಗಲೇಬೇಕು.

ಅಂಥ ಒಂದು ಎಳ್ಳಮಾವಾಸ್ಯೆಗೆ ನಾವು ಅಕ್ಕ ತಂಗಿಯರು ಮೂವರೂ ಅಫಜಲಪುರ ತಾಲೂಕಿನ ತವರಿಗೆ ಹೋಗಿದ್ದೆವು. ಅಕ್ಕ ಜೇವರ್ಗಿಯಿಂದ, ತಂಗಿ ಆಳಂದದಿಂದ, ನಾನು ಕಲಬುರಗಿಯಿಂದ. ಅವರಿಬ್ಬರೂ ತಂತಮ್ಮ ಮನೆಯ ಅಂಬಲಿಯನ್ನು ತಂದಿದ್ದರು. ಹಬ್ಬದ ದಿನ ಬರಿಗೈಲಿ ಬರುವುದುಂಟೇ? ವೈನಿ ಮಾಡಿದ್ದಂತೂ ಇತ್ತು. ಹೀಗಾಗಿ ಬನ್ನಿಯ ಗಿಡದ ಕೆಳಗೆ ಮೂರು ಪಾತ್ರೆ ಕೂಡಿದವು. ಅಮೆರಿಕದಲ್ಲಿ ಕೆಲಸದಲ್ಲಿರುವ ತಮ್ಮನ ಮಗನೂ ರಜೆಗೆ ಬಂದಿದ್ದ.

ಅಲ್ಲಿ ಹೊತ್ತು ಹೇಗೆ ಹೋಗುತ್ತದೆ ಎಂದು ಯಾರೋ ಕೇಳಿದ್ದಕ್ಕೆ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಶನಿವಾರ ಗೆಳೆಯರು ಕೂಡುತ್ತಾರಂತೆ. ನಾಲ್ಕೈದು ಬಗೆಯ ರೈ ವಿಸ್ಕಿಯನ್ನು ಸಣ್ಣ ಗ್ಲಾಸುಗಳಲ್ಲಿ ಗುಟುಕು ಗುಟುಕು ಹಾಕಿಕೊಂಡು, ಮೊದಲು ಮೂಸಿ, ಆಮೇಲೆ ನಾಲಗೆಯ ಮೇಲಾಡಿಸಿ, ಎರಡು ಹನಿ ನೀರು ಬೆರೆಸಿ ಮತ್ತೊಮ್ಮೆ ನೋಡಿ, ಇದರಲ್ಲಿ ಮೆಣಸಿನ ಕಾರ, ಇದರಲ್ಲಿ ಲವಂಗ, ಇದರಲ್ಲಿ ಹೊಗೆ ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರಂತೆ.

"ರಾಯಿ ಅಂದ್ರ ಸಾಸಿವಿ ಅಲ್ಲೇನೋ? ಆ ದೇಶದಾಗ ಸಾಸಿವಿದೂ ಸಾರಾಯಿ ಮಾಡ್ತಾರೇನು?" ಎಂದಳು ಅವ್ವ.

ಅವನು ನಗುತ್ತ ತಿಳಿಸಿದ. ರೈ ಎಂದರೆ ಗೋಧಿಯ ಹತ್ತಿರದ ಒಂದು ಧಾನ್ಯ, ಚಳಿಯ ದೇಶದ್ದು, ಬಡ ಮಣ್ಣಿನಲ್ಲೂ ಬರುತ್ತದೆ, ಅದರ ರೊಟ್ಟಿಯನ್ನೂ ತಿನ್ನುತ್ತಾರೆ. ಅಮೆರಿಕದ ಕಾಯಿದೆಯ ಪ್ರಕಾರ ರೈ ವಿಸ್ಕಿ ಅನ್ನಿಸಿಕೊಳ್ಳಬೇಕಾದರೆ ಬಳಸುವ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ರೈ ಇರಬೇಕು. ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಮರದ ಪೀಪಾಯಿಯಲ್ಲಿ ಇಡಬೇಕು. ಕೆನಡಾದಲ್ಲಿ ಅಷ್ಟು ಬಿಗಿಯಿಲ್ಲ. ಅಲ್ಲಿ ರೈ ಎಂಬ ಹೆಸರಿದ್ದರೂ ಒಳಗೆ ಆ ಕಾಳು ಇಲ್ಲದಿರಬಹುದು.

ಅಕ್ಕ ಅಷ್ಟು ಹೊತ್ತು ಸುಮ್ಮನೆ ಕೂತಿದ್ದಳು. ಕೊನೆಗೆ ಕೇಳಿದಳು: "ರುಚಿ ನೋಡಿ ನುಂಗ್ತೀರೋ, ಉಗುಳ್ತೀರೋ?"

"ಅದನ್ನೇ ಉದ್ಯೋಗ ಮಾಡ್ಕೊಂಡವರು ಉಗುಳ್ತಾರ, ಅತ್ತಿ. ಇಲ್ಲಂದ್ರ ಹತ್ತು ಗ್ಲಾಸಿಗೆ ನಾಲಗಿ ಸತ್ತು ಹೋಗ್ತದ."

"ನಿಮ್ಮ ಮಾಮಾಗ ಉಗುಳೋದು ತಿಳಿದಿದ್ರ ನಾಕು ಎಕರೆ ಉಳೀತಿತ್ತು."

ಯಾರೂ ನಗಲಿಲ್ಲ. ನಮ್ಮ ಭಾವ ಪ್ಯಾಕೆಟ್ ಸಾರಾಯಿಗೆ ಬಿದ್ದು ಹೋದವರು. ಹಲ್ಲಿನಿಂದ ಮೂಲೆ ಕಚ್ಚಿ ಬಾಯಿಗೆ ಹಿಂಡಿಕೊಳ್ಳುವ ಆ ಪ್ಲಾಸ್ಟಿಕ್ ಚೀಲದಲ್ಲಿ ರುಚಿಯ ಮಾತೆಲ್ಲಿ ಬಂತು? ನಾಲಗೆಗೆ ತಾಗದಂತೆ ಗಂಟಲಿಗೆ ಇಳಿಸುವುದೇ ಅದರ ಕ್ರಮ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅಕ್ಕನ ಪಾಲಿಗೆ ಅದು ತಡವಾಗಿ ಬಂತು. ಪ್ಯಾಕೆಟ್ ಹೋದಲ್ಲಿಗೆ ಅಗ್ಗದ ವಿಸ್ಕಿ ಬಂದದ್ದನ್ನೂ ನಾವು ನೋಡಿದೆವು. ನಮ್ಮ ದೇಶದ ಅಗ್ಗದ ವಿಸ್ಕಿಗೆ ಹೆಚ್ಚಾಗಿ ಕಾಳಿನ ಸಂಬಂಧವೇ ಇಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರ ಅದು. ಭೀಮೆಯ ನೀರು ಹತ್ತಿದ ಮೇಲೆ ಅಫಜಲಪುರ ತಾಲೂಕಿನಲ್ಲಿ ಜೋಳದ ಎಷ್ಟೋ ಹೊಲ ಕಬ್ಬಿಗೆ ಹೋಯಿತು.

ಮಾತು ಬದಲಿಸಲೆಂದೋ ಏನೋ, ಹುಡುಗ ಮೂರು ಸ್ಟೀಲಿನ ಲೋಟ ತೊಳೆದು ತಂದ. ಯಾರದ್ದು ಯಾವುದೆಂದು ಹೇಳದೆ ಮೂರೂ ಅಂಬಲಿಯನ್ನು ಹಾಕಿ ಅವ್ವನ ಮುಂದಿಟ್ಟ. ಅವ್ವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಗುರುತಿಗೆ ಆ ಹಾದಿಯಿಲ್ಲ. ಮೂಸಿದಳು. ಒಂದು ಗುಟುಕು ಕುಡಿದು, ತುಸು ತಡೆದು, ಇನ್ನೊಂದು ಲೋಟ ತೆಗೆದುಕೊಂಡಳು. ಯಾರೂ ಕಲಿಸಿರಲಿಲ್ಲ. ನಡುವೆ ಬಾಯಿ ಮುಕ್ಕಳಿಸಲು ನೀರನ್ನೂ ಕೇಳಿದಳು.

"ಇದು ನಮ್ಮ ಹೊಲದ್ದು. ಕುಡದ ಮ್ಯಾಲ ಸಿಹಿ ಉಳೀತದ ನೋಡು." ಹೌದು, ವೈನಿಯದು ಮಾಲದಂಡಿ ಜೋಳ.

"ಇದಕ್ಕ ನುಚ್ಚು ಕೂಡ್ಯಾದ, ಜೇವರ್ಗಿದು. ಜ್ವಾಳ ಛಲೋ ಅದ, ಗಿರಣ್ಯಾಗ ಹಿಟ್ಟು ಬಿಸಿ ಆಗ್ಯಾದ." ಅಕ್ಕ ತಲೆಯಾಡಿಸಿದಳು. ಹಿಂದಿನ ದಿನ ಗಿರಣಿಯಲ್ಲಿ ಗದ್ದಲವಿತ್ತಂತೆ.

ಮೂರನೆಯದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. "ಬೆಳ್ಳುಳ್ಳಿ ಮುಂದ ಬಂದಾದ, ಜ್ವಾಳ ಹಿಂದ ಉಳದಾದ. ಪ್ಯಾಟಿ ಜ್ವಾಳ."

ತಂಗಿಯ ಮುಖ ಸಣ್ಣದಾಯಿತು. ಕೈಗುಣ ಅವಳದು ನನಗಿಂತ ಮೇಲು, ಆದರೆ ಕಾಳು ಅವಳ ಕೈಲಿರಲಿಲ್ಲ. ಆಳಂದದ ಅವಳ ಮನೆಯ ಹೊಲವೆಲ್ಲ ತೊಗರಿ. ತೊಗರಿ ರೊಕ್ಕ ತರುತ್ತದೆ, ಜೋಳವನ್ನು ಅಂಗಡಿಯಿಂದ ತರುತ್ತಾರೆ. ಆ ಸಲ ಸಿಕ್ಕದ್ದು ಮುಂಗಾರಿಯ ಹೈಬ್ರಿಡ್ ಜೋಳ. ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ, ಸಿಎಸ್‌ಎಚ್-1, ಬಂದದ್ದು 1964ರಲ್ಲಿ. ಇಳುವರಿ ಹೆಚ್ಚು, ಅದನ್ನು ಅಲ್ಲಗಳೆಯಲಾರೆ. ಆದರೆ ಮುಂಗಾರಿ ತೆನೆ ಬಲಿಯುವಾಗ ಮಳೆ ಹಿಡಿದರೆ ಬೂಷ್ಟು ಕಟ್ಟಿ ಕಾಳು ಕಪ್ಪಾಗುತ್ತದೆ. ಮಾಲದಂಡಿ ಹಾಗಲ್ಲ. ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತಿಸಿಕೊಂಡು, ಎರೆಮಣ್ಣಿನಲ್ಲಿ ಉಳಿದ ಹಸಿಯನ್ನೇ ಉಂಡು, ಇಬ್ಬನಿಯಲ್ಲಿ ಬೆಳೆದು, ಒಣ ಬಿಸಿಲಿಗೆ ಮಾಗುತ್ತದೆ. ಮುತ್ತಿನಂತೆ ಬೆಳ್ಳಗಿರುತ್ತದೆ. ಇದರಲ್ಲೇ ಆರಿಸಿ ತೆಗೆದ ಎಂ 35-1 ತಳಿ ಸೊಲ್ಲಾಪುರ ಜಿಲ್ಲೆಯ ಮೊಹೋಳದ್ದು. ಆಳಂದಕ್ಕೆ ಸೊಲ್ಲಾಪುರವೇನು ದೂರವಲ್ಲ.

ಕಪ್ಪಾದ ಜೋಳ ಕೋಳಿಗೂ ಹೋಗುತ್ತದೆ, ಮದ್ಯಸಾರದ ಕಾರ್ಖಾನೆಗೂ ಹೋಗುತ್ತದೆ. ನಮ್ಮಲ್ಲಿ ಸಾರಾಯಿ ನಿಂತ ಅದೇ 2007ರಲ್ಲಿ ಗಡಿಯಾಚೆ ಮಹಾರಾಷ್ಟ್ರ ಸರ್ಕಾರ ಜೋಳ, ಸಜ್ಜೆಯಂಥ ಧಾನ್ಯದಿಂದ ಮದ್ಯಸಾರ ತೆಗೆಯುವವರಿಗೆ ಸಹಾಯಧನದ ಯೋಜನೆ ತಂದಿತು. ಬಹಳ ಜನ ವಿರೋಧಿಸಿದರು. ಇದನ್ನು ಹೇಳಿದಾಗ ಹುಡುಗ ಇನ್ನೊಂದು ಸುದ್ದಿ ತೆಗೆದ. ಚೀನಾದ ಹೆಸರಾಂತ ಮಾವುತಾಯ್ ಮದ್ಯದ ಮುಖ್ಯ ಕಾಳು ಜೋಳವೇ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋದಾಗ ಚೌ ಎನ್‌ಲಾಯ್ ಅದನ್ನೇ ಕುಡಿಸಿ ಸತ್ಕರಿಸಿದರಂತೆ. "ನಮ್ಮ ಜ್ವಾಳ ದೊಡ್ಡವರ ಸಂಗಡ ಕೂತಾದ ಬಿಡು," ಎಂದ ಅಕ್ಕ ತನ್ನ ಪಾತ್ರೆಯಿಂದ ಅವನಿಗೆ ಇನ್ನೊಂದು ಲೋಟ ತುಂಬಿ ಕೊಟ್ಟಳು. ಅವನು ಅದನ್ನು ಉಗುಳಲಿಲ್ಲ.

ಹೊರಡುವ ಹೊತ್ತಿಗೆ ತಂಗಿ ವೈನಿಯನ್ನು ಒಳಗೆ ಕರೆದು ಬೀಜದ ಮಾತಾಡಿದಳು. ಎಕರೆಗೆ ಮೂರು ಕಿಲೋ ಆದರೆ ಸಾಕು, ಬಿತ್ತುವಾಗ ತರಿಸಿಕೊಳ್ಳುತ್ತೇನೆ ಎಂದಳು. ಗಂಡನನ್ನು ಒಪ್ಪಿಸುವುದು ಅವಳಿಗೆ ಕಷ್ಟವಲ್ಲ. ಕಷ್ಟ ಬೇರೆಯದೇ. ಸುತ್ತ ತೊಗರಿಯ ನಡುವೆ ಒಂದೇ ಎಕರೆ ಜೋಳ ಹಾಲುಗಾಳಿಗೆ ಬಂದರೆ ಸೀಮೆಯ ಹಕ್ಕಿಯೆಲ್ಲ ಅಲ್ಲಿಗೇ ಇಳಿಯುತ್ತದೆ. ಕವಣಿ ಬೀಸಲು ಈಗ ಆಳೆಲ್ಲಿ ಸಿಗುತ್ತದೆ ಎಂದು ವೈನಿ ಕೇಳಿದ್ದಕ್ಕೆ, "ಶಾಲಿ ಬಿಟ್ಟ ಮ್ಯಾಲ ಹುಡುಗರಿಗಿ ಕಳಸ್ತೀನಿ, ಮುಂಜಾನಿ ನಾನೇ ಕೂಡ್ತೀನಿ" ಎಂದಳು.