ಬರೆಯಬಾರದ ಜಾಗ

1999ರ ಏಪ್ರಿಲ್ 26, ಸೋಮವಾರ. ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟಾದ ಒಂದು ರಿಪೇರಿ ಅಂಗಡಿಯಲ್ಲಿ ನಾನು ಸ್ಕ್ರೂ ಬಿಚ್ಚುವ ಹುಡುಗ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆಲ್ಲ ಸತ್ತ ಕಂಪ್ಯೂಟರುಗಳು. ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಪತ್ರಿಕೆಗಳು ಚೆರ್ನೋಬಿಲ್ ಎಂದು ಕರೆದ ಸಿಐಎಚ್ ವೈರಸ್ಸು ಆ ತಾರೀಖಿಗೇ ಕಾದು ಕೂತಿತ್ತು. ಡಿಸ್ಕಿನ ಮೊದಲ ಭಾಗವನ್ನು ಒರೆಸಿದ್ದು ಸಾಲದೆಂಬಂತೆ, ಇಂಟೆಲ್ 430ಟಿಎಕ್ಸ್ ಥರದ ಬೋರ್ಡುಗಳಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಬಯಾಸ್ ಚಿಪ್ಪಿನ ಮೇಲೂ ಕಸ ಗೀಚಿತ್ತು.

ನಮ್ಮ ಯಜಮಾನರಿಗೆ ಕೋಪ ಬಂದದ್ದು ವೈರಸ್ಸಿನ ಮೇಲಲ್ಲ, ಚಿಪ್ಪಿನ ಮೇಲೆ. ಅವರು ಇಪ್ರಾಮ್ ಚಿಪ್ಪಿನ ಕಾಲದವರು. ಆ ಚಿಪ್ಪಿನ ನೆತ್ತಿಯಲ್ಲೊಂದು ಗಾಜಿನ ಕಿಟಕಿ, ಅದರ ಮೇಲೊಂದು ಸ್ಟಿಕ್ಕರ್. ಅಳಿಸಬೇಕೆಂದರೆ ಸ್ಟಿಕ್ಕರ್ ಕಿತ್ತು, ನೇರಳಾತೀತ ದೀಪದ ಪೆಟ್ಟಿಗೆಯಲ್ಲಿ ಕಾಲು ಗಂಟೆ ಮಲಗಿಸಬೇಕು. ಬರೆಯಲು ಬೇರೆಯೇ ಯಂತ್ರ, ಹನ್ನೆರಡು ವೋಲ್ಟಿಗೂ ಮೇಲೆ. "ಸ್ಟಿಕ್ಕರ್ ಇದ್ದಾಗ ಯಾವನೂ ಮುಟ್ತಿರ್ಲಿಲ್ಲ ಕಣೋ. ಫ್ಲ್ಯಾಶ್ ಬಂತು, ಮನೆ ಬಾಗಿಲು ತೆಗೆದಿಟ್ಟ ಹಾಗಾಯ್ತು" ಎಂದು ಗೊಣಗುತ್ತಲೇ ಕೆಲಸಕ್ಕೆ ಕೂತರು.

ಕೆಲಸ ಎಂದರೆ ಹಾಟ್ ಸ್ವಾಪ್. ಅದೇ ಮಾದರಿಯ ಆರೋಗ್ಯವಂತ ಬೋರ್ಡನ್ನು ಡಾಸ್‌ಗೆ ಬೂಟ್ ಮಾಡಿ, ಕರೆಂಟು ಹರಿಯುತ್ತಿರುವಾಗಲೇ ಅದರ ಬಯಾಸ್ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ ತೆಗೆಯುವುದು. ಸಾಕೆಟ್ಟಿನಲ್ಲಿ ಸತ್ತ ಚಿಪ್ಪು ಕೂರಿಸಿ, ಹೊಸದಾಗಿ ಬರೆಯುವುದು. ಮೊದಲ ಸಲ ನೋಡಿದಾಗ ನನಗೆ ಉಸಿರೇ ನಿಂತಿತ್ತು. ಚಿಪ್ಪು ಕಿತ್ತರೂ ಕಂಪ್ಯೂಟರು ಹೇಗೆ ಸಾಯಲಿಲ್ಲ? ಯಜಮಾನರು ಚಹಾ ಹೀರುತ್ತ ಹೇಳಿದರು: ಚಿಪ್ಪು ನಿಧಾನದ್ದು, ಹಾಗಾಗಿ ಬೋರ್ಡು ಏಳುವಾಗಲೇ ಬಯಾಸನ್ನು ರ‍್ಯಾಮ್‌ಗೆ ನಕಲು ಮಾಡಿಕೊಂಡಿರುತ್ತದೆ. ಅದು ಶ್ಯಾಡೋ ರ‍್ಯಾಮ್. ನಕಲು ಮುಗಿದ ಮೇಲೆ ಆ ತುಂಡಿಗೆ ಯಾರೂ ಬರೆಯದಂತೆ ಚಿಪ್‌ಸೆಟ್ಟು ಬೀಗ ಹಾಕುತ್ತದೆ. ಬರೆಯಬಹುದಾದ ರ‍್ಯಾಮೇ ಅಲ್ಲಿ ಬರೆಯಬಾರದ ಜಾಗ. ಬೀಗ ಇರುವುದು ವಸ್ತುವಿನಲ್ಲಲ್ಲ, ಬಾಗಿಲಲ್ಲಿ. ಈ ಕೊನೆಯ ಮಾತನ್ನು ಅವರು ಹೇಳಲಿಲ್ಲ. ನನಗೆ ಅದು ಹೊಳೆದದ್ದು ಹನ್ನೆರಡು ವರ್ಷಗಳ ಮೇಲೆ.

ಆ ಹೊತ್ತಿಗೆ ನಾನು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದಕ್ಕೆ ಬಂದಿದ್ದೆ. ಸ್ಕ್ರೂಡ್ರೈವರ್ ಬಿಟ್ಟು ವರ್ಚುವಲ್ ಮೆಷೀನು, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಾಗಿ ಓಡುವ ಕಂಪ್ಯೂಟರು, ಹಿಡಿದಿದ್ದೆ. 2006ರಲ್ಲಿ ಇಸ್ರೇಲಿನ ಕ್ಯುಮ್ರನೆಟ್ ಕಂಪನಿಯ ಆವಿ ಕಿವಿಟಿ ಹೊರತಂದ, ಅಂಥ ಮೆಷೀನುಗಳನ್ನು ಓಡಿಸುವ ಕೆವಿಎಂ ಮರುವರ್ಷ ಲಿನಕ್ಸ್ 2.6.20ರ ಒಳಗೇ ಸೇರಿ, ನಮ್ಮಂಥವರ ಅನ್ನವಾಗಿತ್ತು. ಅದರ ಜೊತೆಗಾರ ಕ್ಯೂಎಮು ಅತಿಥಿಗೆ, ಅಂದರೆ ಒಳಗೆ ಓಡುವ ಮೆಷೀನಿಗೆ, ತೋರಿಸುತ್ತಿದ್ದ ಬೋರ್ಡು 1996ರ ಇಂಟೆಲ್ 440ಎಫ್‌ಎಕ್ಸ್. ಎಸ್.ಪಿ. ರೋಡಿನ ಮೇಜಿನ ಮೇಲೆ ಬಿದ್ದಿರುತ್ತಿದ್ದ ಕಾಲದ್ದು! ಹಳೆಯ ನೆಂಟ ಸಿಕ್ಕಂತಾಗಿತ್ತು.

ಒಂದು ದಿನ ನಮ್ಮ ಪರೀಕ್ಷೆಯ ಮೆಷೀನೊಂದು ಒಳಗಿನಿಂದ ರೀಬೂಟ್ ಕೊಟ್ಟರೆ ಏಳಲೊಲ್ಲದು. ಪ್ರೋಸೆಸ್ಸನ್ನೇ ಕೊಂದು ಹೊಸದಾಗಿ ಹುಟ್ಟಿಸಿದರೆ ಏಳುತ್ತದೆ. ಕಪ್ಪು ಪರದೆ ನೋಡಿದ್ದೇ ಆ ಏಪ್ರಿಲ್ ಸೋಮವಾರ ಕಣ್ಣ ಮುಂದೆ ಬಂತು. ಹುಡುಕಿದರೆ, ಅತಿಥಿಯೊಳಗೆ ನಮ್ಮದೇ ಡ್ರೈವರಿನ ದಾರಿತಪ್ಪಿದ ಪಾಯಿಂಟರು ಬಯಾಸ್ ಇದ್ದ ಜಾಗಕ್ಕೆ ಬರೆದು ಬಂದಿತ್ತು. ಅಲ್ಲಿ ತಡೆಯುವವರೇ ಇರಲಿಲ್ಲ. 440ಎಫ್‌ಎಕ್ಸ್‌ನ ಬೀಗದ ರಿಜಿಸ್ಟರುಗಳೆಲ್ಲ ಇದ್ದವು, ಬೀಗ ಮಾತ್ರ ಬೀಳುತ್ತಿರಲಿಲ್ಲ.

ಕಾರಣ ಸರಳ. ಅಂದಿನ ಕೆವಿಎಂಗೆ ಗೊತ್ತಿದ್ದದ್ದು ಎರಡೇ ಜಾತಿ. ಅತಿಥಿಯ ಒಂದು ವಿಳಾಸ ಮೆಮೊರಿಯಾದರೆ ಓದು, ಬರಹ ಎಲ್ಲಕ್ಕೂ ಮುಕ್ತ. ಸಾಧನವಾದರೆ, ಮುಟ್ಟಿದ ಪ್ರತಿ ಸಲವೂ ಅತಿಥಿಯನ್ನು ನಿಲ್ಲಿಸಿ ಕ್ಯೂಎಮುವನ್ನು ಕೇಳಬೇಕು. ಜೊತೆಗೆ ಅಂಥ ಜಾಗದಿಂದ ಪ್ರೋಗ್ರಾಂ ಓಡಿಸಲು ಕೆವಿಎಂಗೆ ಬರುತ್ತಿರಲಿಲ್ಲ. ಬಯಾಸ್ ಎಂದರೆ ಓಡಲೇಬೇಕಾದದ್ದು. ಹಾಗಾಗಿ ಅದನ್ನು ಮೆಮೊರಿಯ ಪಂಕ್ತಿಯಲ್ಲೇ ಕೂರಿಸಿದ್ದರು.

2012ರಲ್ಲಿ ಮೂರನೆಯ ಜಾತಿ ಬಂತು: ಓದಲು ಮಾತ್ರದ ಮೆಮೊರಿ ಸ್ಲಾಟು. ಓದಿದರೆ, ಓಡಿಸಿದರೆ ಪ್ರೊಸೆಸರಿನ ಪೂರ್ತಿ ವೇಗ. ಬರೆಯಲು ಹೋದರೆ, ಅತಿಥಿಯ ವಿಳಾಸಗಳನ್ನು ಅಸಲಿ ಮೆಮೊರಿಗೆ ತಾಳೆ ಹಾಕುವ ಎರಡನೇ ಹಂತದ ಪೇಜ್ ಟೇಬಲ್ಲಿನಲ್ಲಿ ಬರೆಯುವ ಅನುಮತಿಯ ಬಿಟ್ ಇಲ್ಲದ್ದರಿಂದ ಪ್ರೊಸೆಸರು ಮುಗ್ಗರಿಸುತ್ತದೆ. ಆಗ ಕೆವಿಎಂ ಅತಿಥಿಯನ್ನು ಗದರಿಸುವುದಿಲ್ಲ. ಈ ವಿಳಾಸಕ್ಕೆ ಈ ಬೈಟು ಬರೆಯಲು ಬಂದಿತ್ತು ಎಂದು ಕ್ಯೂಎಮುಗೆ ಚೀಟಿ ಕೊಡುತ್ತದೆ. ಅದು ಬರೆಯಲಾಗದ ರಾಮ್ (ROM) ಆಗಿದ್ದರೆ ಕ್ಯೂಎಮು ಚೀಟಿ ಹರಿದು ಹಾಕುತ್ತದೆ. ಫ್ಲ್ಯಾಶ್ ಆಗಿದ್ದರೆ ಓದಿ ನೋಡುತ್ತದೆ. ಯಾಕೆಂದರೆ ಫ್ಲ್ಯಾಶಿಗೆ ಬರೆಯುವುದೆಂದರೆ ಬರಹವಲ್ಲ, ಅಪ್ಪಣೆ: ಹೆಕ್ಸಿನಲ್ಲಿ 40 ಎಂದರೆ ಮುಂದಿನ ಬೈಟನ್ನು ಕೂರಿಸು, 20 ಎಂದರೆ ಅಳಿಸಲು ಸಿದ್ಧವಾಗು. ಅಪ್ಪಣೆ ನಡೆಯುತ್ತಿರುವಷ್ಟು ಹೊತ್ತು ಓದಿದರೂ ಸಿಗುವುದು ಸ್ಥಿತಿಯೇ ಹೊರತು ಒಳಗಿನ ಮಾಹಿತಿಯಲ್ಲ, ಆದ್ದರಿಂದ ಅಷ್ಟರ ಮಟ್ಟಿಗೆ ಕ್ಯೂಎಮು ಸ್ಲಾಟನ್ನೇ ಎತ್ತಿಟ್ಟು, ಆಮೇಲೆ ಮತ್ತೆ ಹಾಸುತ್ತದೆ.

ಒಂದು ಬಿಟ್ಟಿನ ಕೆಲಸವಲ್ಲವೇ ಎಂದು ಮೀಟಿಂಗಿನಲ್ಲಿ ಒಬ್ಬರು ಕೇಳಿದ್ದರು. ಅವರಿಗೊಂದು ದೊಡ್ಡ ನಮಸ್ಕಾರ. ಅತಿಥಿಯ ಪೇಜ್ ಟೇಬಲ್ಲೇ ರಾಮಿನೊಳಗಿದ್ದರೆ ಏನು ಗತಿ? ಪುಟ ಮುಟ್ಟಿದ್ದಕ್ಕೆ, ಬರೆದದ್ದಕ್ಕೆ ಪ್ರೊಸೆಸರು ಆ ಟೇಬಲ್ಲಿನಲ್ಲಿ ಗುರುತು ಹಾಕಬೇಕು, ಹಾಕಲು ಬಿಡುವಂತಿಲ್ಲ. ಕೊನೆಗೆ ಒಪ್ಪಿಕೊಂಡದ್ದೇನೆಂದರೆ, ಸಾಧಾರಣ ರಾಮಾದರೆ ಗುರುತು ಬಿಟ್ಟುಬಿಡುವುದು; ಬರಹವನ್ನು ಅಪ್ಪಣೆಯೆಂದು ಓದುವ ಫ್ಲ್ಯಾಶಿನಲ್ಲಾದರೆ ಗುರುತುಗಳನ್ನು ಮೊದಲೇ ಹಾಕಿಟ್ಟ ಟೇಬಲ್ಲೇ ಇರಬೇಕು.

ಈ ಓದಲು ಮಾತ್ರದ ಸ್ಲಾಟಿನ ಫಲ ನಾನು ಕಂಡದ್ದು ಬಯಾಸಿನ ಜಾಗಕ್ಕೆ ಯುಇಎಫ್‌ಐ ಬಂದಾಗ. ಬೂಟ್ ಕ್ರಮದಂಥ ನೆನಪುಗಳನ್ನು ಅದು ಫ್ಲ್ಯಾಶಿನಲ್ಲಿ ಇಡುತ್ತದೆ. ಬರೆಯಬಲ್ಲ ಫ್ಲ್ಯಾಶ್ ಇಲ್ಲದ ಕಾಲದಲ್ಲಿ ವರ್ಚುವಲ್ ಮೆಷೀನಿನ ಫರ್ಮ್‌ವೇರು ಅವನ್ನು ಡಿಸ್ಕಿನ ಮೂಲೆಯ ಒಂದು ಫೈಲಿನಲ್ಲಿ ಬಚ್ಚಿಟ್ಟುಕೊಳ್ಳುತ್ತಿತ್ತು, ಬಡವರ ಮನೆಯ ಸಾಸಿವೆ ಡಬ್ಬಿಯ ದುಡ್ಡಿನ ಹಾಗೆ. ಈಗ ಎರಡು ಫೈಲು: ಕೋಡಿನದ್ದು ಬೀಗ ಹಾಕಿದ್ದು, ಎಲ್ಲ ಮೆಷೀನುಗಳಿಗೂ ಒಂದೇ, ನೆನಪಿನದ್ದು ಒಂದೊಂದಕ್ಕೂ ಬೇರೆ. ಹಾಸನದ ಕಡೆಯ ಕಿರಿಯ ಸಹೋದ್ಯೋಗಿ ಲಾಗ್ ಹಾಕಿ ಕೂತಿದ್ದ. ಅತಿಥಿಯಲ್ಲಿ ಬೂಟ್ ಕ್ರಮ ಬದಲಿಸಿದೆವು. ಪರದೆಯ ಮೇಲೆ ಚೀಟಿಗಳು ಸಾಲಾಗಿ ಉದುರಿದವು. "ಸಾರ್, ಈ 40 ಯಾಕೆ ಬರ್ತಾನೇ ಇದೆ?" ಎಂದು ಕೇಳಿದ. ಅವನು ಚಿಪ್ಪಿಗೆ ಬರೆಯುವುದನ್ನು ಕಂಡವನಲ್ಲ. ಸಾಕೆಟ್ಟಿನಿಂದ ಚಿಪ್ಪು ಎಬ್ಬಿಸಿದ್ದರಿಂದ ಹಿಡಿದು ಎಲ್ಲ ಹೇಳಿದೆ. "ಕರೆಂಟಿದ್ದಾಗಲೇನಾ?" ಎಂದು ಎರಡು ಸಲ ಕೇಳಿದ.

ಕಳೆದ ವರ್ಷ ಎಸ್.ಪಿ. ರೋಡಿಗೆ ಹೋಗಿದ್ದೆ. ಆ ಅಂಗಡಿಯಲ್ಲೀಗ ಮೊಬೈಲ್ ಕವರು, ಸಿಸಿಟಿವಿ ಕ್ಯಾಮೆರಾ. ಗಲ್ಲಾದಲ್ಲಿದ್ದವರು ಯಜಮಾನರ ಮಗ. ಅಪ್ಪ ಮನೆಯಲ್ಲೇ ಇರ್ತಾರೆ ಎಂದರು. ಹಳೆಯ ಡ್ರಾಯರಿನಿಂದ ಒಂದು ಇಪ್ರಾಮ್ ಹುಡುಕಿ ಕೈಗಿಟ್ಟರು. ದುಡ್ಡು ಬೇಡವೆಂದರು. ಸ್ಟಿಕ್ಕರಿನ ಮೇಲೆ ಯಜಮಾನರ ಅಕ್ಷರದಲ್ಲೇ ಯಾವುದೋ ಬೋರ್ಡಿನ ನಂಬರು, ಇಂಕು ಮಾಸಿದೆ, ಅಂಟು ಇನ್ನೂ ಬಿಟ್ಟಿಲ್ಲ.