ಚಿಮ್ಮಡದಿಂದ ತಂಗಿಗೆ

ಚಿಮ್ಮಡ, ಭಾನುವಾರ ಸಂಜೆ

ಅಪ್ಪನ ಆರೋಗ್ಯದ ವಿಚಾರವನ್ನು ಬರೆ.

ಕಬ್ಬಿನ ಹೊಲಗಳ ನಡುವಿನ ಈ ಊರಿಗೆ ಬಂದು ನಾಲ್ಕು ದಿನಗಳಾದವು. ನಿನ್ನೆ ಕಾಕಾ ನನ್ನನ್ನು ಬನಹಟ್ಟಿಯ ನಂಟರ ಮನೆಗೆ ಕರೆದೊಯ್ದು, ಅಪ್ಪ ಬಾಲ್ಯದ ರಜಾದಿನಗಳಲ್ಲಿ ಕೆಲಸ ಕಲಿತ ಕೈಮಗ್ಗವನ್ನು ತೋರಿಸಿದರು. ಹಾಸಿನಲ್ಲಿ ಒಂದೆಳೆ ಹರಿದಿತ್ತು. ನೇಯುತ್ತಿದ್ದವರನ್ನು ತಡೆದು ಕಾಕಾ, ಹರಿದ ತುದಿಗಳೆರಡನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದರ ಮೇಲೊಂದಿಟ್ಟು, ಒಮ್ಮೆ ಹೊಸೆದು ಎಳೆದರು. ಗಂಟು ಬಿದ್ದುದೇ ಕಾಣಲಿಲ್ಲ. “ನಿಮ್ಮಪ್ಪಗ ಇದನ್ನ ಕಲಿಸಿದಾಂವ ನಮ್ಮ ಮುತ್ಯಾ. ಗಂಟ ಕಣ್ಣಿಗೆ ಬಿದ್ರ ಬಿಚ್ಚಸ್ತಿದ್ದ” ಎಂದರು.

ಆ ಬೆರಳುಗಳ ಚಲನೆಯನ್ನು ಕಂಡಾಕ್ಷಣ ಬೆಂಗಳೂರಿನ ನಮ್ಮ ಮನೆಯ ಮೇಜು ನನ್ನ ಕಣ್ಣೆದುರು ನಿಂತಿತು. ನೀನಾಗ ಇನ್ನೂ ಹುಟ್ಟಿರಲಿಲ್ಲ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾಗುತ್ತಿದ್ದ ಕಾಲವದು; ಅದರೊಳಗಿನ ತಂತಿಗಳ ಜೋಡಣೆಯ ಹೊಣೆ ಹೊತ್ತವರಲ್ಲಿ ಅಪ್ಪನೂ ಒಬ್ಬರು. ಉಡಾವಣೆಯ ಕಂಪನದಲ್ಲಿ ತಂತಿಯೊಂದು ಮತ್ತೊಂದನ್ನು ಉಜ್ಜಿ ಹೊದಿಕೆ ಹರಿದರೆ, ಇಲ್ಲವೆ ಬೆಸುಗೆಯೊಂದು ಬಿಟ್ಟುಹೋದರೆ, ಆಕಾಶಕ್ಕೇರಿ ಸರಿಪಡಿಸುವವರಾರು? ಆದುದರಿಂದ ತಂತಿಗಳನ್ನು ಕಂತೆಗೂಡಿಸಿ, ಉದ್ದಕ್ಕೂ ಮೇಣದ ದಾರದ ಗಂಟುಗಳನ್ನು ಬಿಗಿಯಬೇಕು. ಗಂಟು ಸಡಿಲವಾದರೆ ಕಂತೆ ಅಲುಗುತ್ತದೆ, ಅತಿಯಾಗಿ ಬಿಗಿದರೆ ಹೊದಿಕೆಯನ್ನೇ ಕೊಯ್ಯುತ್ತದೆ. ರಾತ್ರಿ ಊಟವಾದ ಮೇಲೆ ಅಪ್ಪ ಹಳೆಯ ತಂತಿಯ ತುಂಡುಗಳ ಮೇಲೆ ಇದನ್ನೇ ಅಭ್ಯಾಸಮಾಡುತ್ತ, ಕಣ್ಣು ಮುಚ್ಚಿ ಬೆರಳಿನಿಂದ ಸವರಿ ನೋಡಿ, ಮನಸ್ಸಿಗೆ ಬಾರದ ಗಂಟನ್ನು ಕತ್ತರಿಸಿ ಮತ್ತೆ ಕಟ್ಟುತ್ತಿದ್ದರು. ಅವರ ವಿದ್ಯೆಯೆಲ್ಲ ಎಂಜಿನಿಯರಿಂಗ್ ಕಾಲೇಜಿನದೆಂದೇ ನಾನು ಇಷ್ಟು ಕಾಲವೂ ನಂಬಿದ್ದೆ. ಅದರಲ್ಲಿ ಅರ್ಧ ಈ ಮಗ್ಗದ್ದು.

360 ಕಿಲೋಗ್ರಾಂ ತೂಕದ, 26 ಮುಖಗಳ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದಾಗ, ತಮ್ಮ ಗಂಟುಗಳಲ್ಲಿ ಲೋಪವಿಲ್ಲವೆಂದು ಬಲ್ಲವರಾದರೂ ಅಪ್ಪ ಹಲವು ರಾತ್ರಿ ನಿದ್ರಿಸಲಿಲ್ಲ. ಅದು ವಾಯುಮಂಡಲಕ್ಕೆ ಮರಳಿದ್ದು 1992ರಲ್ಲಿ. ಅಷ್ಟರಲ್ಲಿ ಅಪ್ಪನ ಕೈ ಇನ್ನೂ ಎಷ್ಟೋ ಉಪಗ್ರಹಗಳ ಒಳಗೆ ಆಡಿತ್ತು.

ಆರ್ಯಭಟದ ಚಿತ್ರವಿರುವ ಹಳೆಯ ಎರಡು ರೂಪಾಯಿಯ ನೋಟೊಂದನ್ನು ಅಪ್ಪ ಟ್ರಂಕಿನಲ್ಲಿ ಜೋಪಾನವಾಗಿರಿಸಿದ್ದಾರೆ. ಕಾಕಾ ಅದನ್ನು ನೋಡಬೇಕೆನ್ನುತ್ತಾರೆ. ಈ ಪತ್ರವನ್ನು ಅಪ್ಪನಿಗೆ ಓದಿ ಹೇಳು. ಪಂಚಮಿಗೆ ನೀನು ಬರುವಾಗ ನೋಟನ್ನು ತಾ, ಅಪ್ಪನನ್ನೂ ಕರೆತಾ.

ನಿನ್ನ ಅಣ್ಣ