ಕೆರೆಗೆ ಹತ್ತು ನಿಮಿಷ

ಜನವರಿ ಮೂರನೇ ವಾರದಲ್ಲಿ ಬೆಂಗಳೂರಿನಿಂದ ಸೋದರಳಿಯನ ಫೋನು ಬಂತು. "ಮಾಮಾ, 26ಕ್ಕ ಸೂಟಿ ಐತಿ, ಗುಂಜಿಗೆ ಬರ್ತೀವಿ. ಒಂದ ದಿನ ನೋಡ್ರಿ ಇರೂದು. ಗುಡ್ಡ ಇರಬೇಕು, ಕೆರಿ ಇರಬೇಕು, ಒಂದು ಹಳೇ ಗುಡಿ ಇರಬೇಕು. ಕೂಸಿಗೆ ಸೂರ್ಯೋದಯ ತೋರಸಬೇಕು, ಸೂರ್ಯಾಸ್ತನೂ ತೋರಸಬೇಕು. ಒಂದು ಛೊಲೋ ಪ್ಲಾನ್ ಹಾಕಿಡ್ರಿ."

ಗುಂಜಿಯೆಂದರೆ ಕೆರೆದಂಡೆಯ ಗಿರಿಧಾಮ ಎಂದು ಅವನು ಆಫೀಸಿನ ಗೆಳೆಯರ ಮುಂದೆ ಕೊಚ್ಚಿಕೊಂಡಿರಬೇಕು. ನಮ್ಮ ಊರಿನಲ್ಲಿ ಇರುವುದು ಸುತ್ತಲೂ ಕಾಡು, ಮಾವುಲಿ ದೇವಿಯ ಗುಡಿ, ಮತ್ತು ದೊಡ್ಡ ಗಾಡಿಗಳು ಮುಖ ತಿರುಗಿಸಿಕೊಂಡು ಹೋಗುವ ಒಂದು ಸಣ್ಣ ರೈಲು ನಿಲ್ದಾಣ. ಲೋಂಡಾ ಬಿಟ್ಟರೆ ಗುಂಜಿ, ಗುಂಜಿ ಬಿಟ್ಟರೆ ಖಾನಾಪುರ, ಆಮೇಲೆ ಇದಲಹೊಂಡ, ದೇಸೂರು, ಬೆಳಗಾವಿ. ಇದನ್ನು ನಾನು ಮಗ್ಗಿಗಿಂತ ಮೊದಲು ಕಲಿತವನು. ಕೆರೆ ಬೇಕೆಂದರೆ ಆ ಪಟ್ಟಿಯ ಕೊನೆಗೆ ಹೋಗಬೇಕು: ಬೆಳಗಾವಿಯ ಕೋಟೆ ಕೆರೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಊರು, ಕೋಟೆಯ ಮಗ್ಗುಲಿಗೇ ಕೆರೆ. ಅಳಿಯನ ಮಾತು ತೀರಾ ಸುಳ್ಳಾಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ರಾತ್ರಿ ಊಟವಾದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಅಡ್ಡ ಗೆರೆ ಉದ್ದ ಗೆರೆ ಎಳೆಯತೊಡಗಿದಾಗ ಹೆಂಡತಿ ನಕ್ಕಳು. "ಥೇಟ್ ನಿಮ್ಮ ಅಪ್ಪಾರೇ!"

ಅಪ್ಪ ಕನ್ನಡ ಸಾಲಿ ಮಾಸ್ತರ. ವರ್ಷಕ್ಕೊಮ್ಮೆ ನಮ್ಮನ್ನು ಬೆಳಗಾವಿಗೆ ಕರೆದೊಯ್ಯುವ ಮುನ್ನಾದಿನ ಹೀಗೆಯೇ ಕೂತು ಗೆರೆ ಎಳೆಯುತ್ತಿದ್ದರು. ಶಾಲೆಯ ವೇಳಾಪಟ್ಟಿ ಹಾಕಿ ಪಳಗಿದ ಕೈ. ಎಡಗಡೆ ಹೊತ್ತು, ಬಲಗಡೆ ಸ್ಥಳ. ಕೋಟೆಯ ಬಾಗಿಲು ಒಂದು ಪೀರಿಯಡ್, ಕಮಲ ಬಸದಿ ಒಂದು ಪೀರಿಯಡ್, ಬುತ್ತಿಗೆ ಮಧ್ಯಂತರ, ಖಡೇಬಜಾರಿನಲ್ಲಿ ಅವ್ವನ ಖರೀದಿಗೆ ಅರ್ಧ ಪೀರಿಯಡ್. ಅದು ಅರ್ಧದಲ್ಲಿ ಮುಗಿದ ದಾಖಲೆ ನಮ್ಮ ಮನೆತನದಲ್ಲಿ ಇಲ್ಲ. ಎಲ್ಲಕ್ಕಿಂತ ಕೆಳಗೆ, ಹಾಳೆಯಲ್ಲಿ ಉಳಿದ ಜಾಗದಲ್ಲಿ: "ಕೆರೆ, 10 ನಿಮಿಷ." ಕೆರೆಯಲ್ಲಿ ಕಲಿಯುವಂಥದ್ದೇನೂ ಇಲ್ಲ ಎಂದು ಅಪ್ಪನ ಅಭಿಪ್ರಾಯ. ನೀರು, ಅಷ್ಟೇ.

ಈ ಹಾಳೆಗೆ ಆಧಾರಗ್ರಂಥ ಒಂದೇ: ದಕ್ಷಿಣ ಮಧ್ಯ ರೈಲ್ವೆಯ ಟೈಮ್ ಟೇಬಲ್ ಪುಸ್ತಕ. ಅಪ್ಪ ಅದನ್ನು ದೇವರ ಗೂಡಿನ ಪಕ್ಕದಲ್ಲಿ ಪಂಚಾಂಗದ ಮೇಲೆ ಇಡುತ್ತಿದ್ದರು. ಅಜ್ಜಿ ದಿನಾ ಪಂಚಾಂಗ ಮೇಲೆ, ಅದು ಕೆಳಗೆ ಮಾಡುತ್ತಿದ್ದಳು. ಈ ತಕರಾರಿನಲ್ಲಿ ಇಬ್ಬರೂ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ.

ಅಪ್ಪನಿಗೊಂದು ಎಚ್‌ಎಂಟಿ ಗಡಿಯಾರವಿತ್ತು, ಕೀಲಿ ಕೊಡುವಂಥದ್ದು. ಗಾಡಿ ತಪ್ಪಬಾರದೆಂದು ಅದನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಹತ್ತು ನಿಮಿಷ ಮುಂದಿದೆ ಎಂಬುದು ಅಪ್ಪನಿಗೂ ಗೊತ್ತು, ಅವ್ವನಿಗೂ ಗೊತ್ತು, ನನಗೂ ಗೊತ್ತು. ಹೀಗಾಗಿ ಎಲ್ಲರೂ ಮನಸ್ಸಿನಲ್ಲಿ ಹತ್ತು ಕಳೆದು ನಿಧಾನವಾಗಿ ಹೊರಡುತ್ತಿದ್ದೆವು. ಅಜ್ಜಿಯಂತೂ ಆ ಗಡಿಯಾರವನ್ನು ಲೆಕ್ಕಕ್ಕೇ ಇಟ್ಟವಳಲ್ಲ. "ಗಾಡಿ ಹೊತ್ತು ಬ್ಯಾರೆ, ಗೌರಿ ಹೊತ್ತು ಬ್ಯಾರೆ" ಎನ್ನುತ್ತಿದ್ದಳು. ಗೌರಿ ನಮ್ಮ ಹಸು. ಹಾಲು ಹಿಂಡುವುದು ಸೂರ್ಯ ಎದುರಿನ ಮತ್ತಿಮರದ ನೆತ್ತಿ ದಾಟಿದ ಮೇಲೆ.

ದೊಡ್ಡವನಾದ ಮೇಲೆ ಲೆಕ್ಕ ಹಾಕಿ ನೋಡಿದೆ. ಅಜ್ಜಿ ಸರಿಯಿದ್ದಳು. ಭಾರತದ ಅಧಿಕೃತ ಹೊತ್ತು ನಿಂತಿರುವುದು ಪೂರ್ವ ರೇಖಾಂಶ ಎಂಬತ್ತೆರಡೂವರೆಯ ಮೇಲೆ, ಅತ್ತ ಮಿರ್ಜಾಪುರದ ಕಡೆ. ನಾವಿರುವುದು ಎಪ್ಪತ್ತನಾಲ್ಕೂವರೆಯ ಆಸುಪಾಸು. ಎಂಟು ಡಿಗ್ರಿ ಅಂತರ, ಡಿಗ್ರಿಗೆ ನಾಲ್ಕು ನಿಮಿಷ, ಮೂವತ್ತೆರಡು ನಿಮಿಷ. ಗಡಿಯಾರದಲ್ಲಿ ಹನ್ನೆರಡಾದಾಗ ನಮ್ಮ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ, ದಾರಿಯಲ್ಲಿರುತ್ತಾನೆ. ಇದಕ್ಕೂ ಮೊದಲು ಗೊಂದಲ ಇನ್ನೂ ಚೆಂದವಾಗಿತ್ತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಈ ಕಾಡಿನೊಳಗೆ ಮೀಟರ್‌ಗೇಜ್ ಹಳಿ ಹಾಸಿದಾಗ ಊರಿಗೊಂದು ಹೊತ್ತು ಇತ್ತು. ಸೂರ್ಯ ನೆತ್ತಿಗೆ ಬಂದರೆ ಆ ಊರಿಗೆ ಮಧ್ಯಾಹ್ನ. ರೈಲು ಮಾತ್ರ ಮದ್ರಾಸ್ ಹೊತ್ತಿಗೆ ಓಡುತ್ತಿತ್ತು. ಮದ್ರಾಸಿನ ಸೂರ್ಯ ಬೆಳಗಾವಿಯ ಸೂರ್ಯನಿಗಿಂತ ಇಪ್ಪತ್ಮೂರು ನಿಮಿಷ ಮುಂದೆ. ನೆರಳು ನೋಡಿಕೊಂಡು ಸರಿಯಾದ ಹೊತ್ತಿಗೇ ನಿಲ್ದಾಣಕ್ಕೆ ಬಂದ ಗುಂಜಿಯ ರೈತನೊಬ್ಬ ಖಾಲಿ ಹಳಿ ನೋಡಿ ಏನಂದಿರಬಹುದು? 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಹೊತ್ತು ಎಂದಾಯಿತು. ಬೊಂಬಾಯಿ ಮಾತ್ರ ಕೇಳಲಿಲ್ಲ. ಮೂವತ್ತೊಂಬತ್ತು ನಿಮಿಷ ಹಿಂದಿದ್ದ ತನ್ನ ಗಡಿಯಾರವನ್ನೇ ಹಿಡಿದುಕೊಂಡು 1955ರವರೆಗೂ ಹಟ ಮಾಡಿತು. ಅಜ್ಜಿ ಬೊಂಬಾಯಿಗಿಂತ ಗಟ್ಟಿ. ತೀರಿಕೊಳ್ಳುವವರೆಗೂ ಬದಲಾಗಲಿಲ್ಲ.

ಬೆಳಗಾವಿಗೆ ಹೋಗುವ ದಿನ ಗಾಡಿಯಲ್ಲಿ ಕಲ್ಲಿದ್ದಲ ಕಣ ಕಣ್ಣಿಗೆ ಬೀಳದಿರಲೆಂದು ಅವ್ವ ಸೆರಗು ಮುಚ್ಚಿಕೊಂಡು ಕೂರುತ್ತಿದ್ದಳು. ಖಾನಾಪುರದ ಹತ್ತಿರ ಮಲಪ್ರಭೆಯ ಸೇತುವೆ ಬಂದಾಗ ಮಾತ್ರ ಸೆರಗು ಸರಿಸಿ, ಐದು ಪೈಸೆ ನಾಣ್ಯ ಎಸೆದು ಕೈಮುಗಿಯುವುದು. ಕಣಕುಂಬಿಯಲ್ಲಿ ಹುಟ್ಟಿ ಬಂದ ಹೊಳೆ ಅದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವವರೆಗೂ ಎಷ್ಟು ಜನರ ಐದು ಪೈಸೆ ಹೊತ್ತಿದೆಯೋ. ಆಮೇಲೆ ಹೆಂಚಿನ, ಇಟ್ಟಿಗೆಯ ಭಟ್ಟಿಗಳ ಹೊಗೆ. ಬೆಳಗಾವಿ ಬಂತೆಂಬುದು ಗೇಟುಗಳಿಂದ ತಿಳಿಯುತ್ತಿತ್ತು: ಮೂರನೇ ಗೇಟ್, ಎರಡನೇ ಗೇಟ್, ಮೊದಲನೇ ಗೇಟ್. ಟಿಳಕವಾಡಿಯವರು ಇವತ್ತಿಗೂ ವಿಳಾಸ ಹೇಳುವುದು ಹೀಗೆಯೇ. ಅಪ್ಪ ಮಾತ್ರ ಪರೀಕ್ಷೆಯ ಕೊನೆಯ ಗಂಟೆಗಳಂತೆ ಅವನ್ನು ಎಣಿಸಿ, ಮೊದಲನೇ ಗೇಟಿಗೆ ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತಿದ್ದರು.

ಟಾಂಗಾ ಹತ್ತಿ ಕೋಟೆಗೆ. ಕಮಲ ಬಸದಿಯಲ್ಲಿ ಅಪ್ಪ ನಿಜವಾಗಿ ಅರಳುತ್ತಿದ್ದರು. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಬಸದಿ. ಒಳಗೆ ನೇಮಿನಾಥ, ಮೇಲೆ ಚಾವಣಿಯಿಂದ ಬೋರಲಾಗಿ ಇಳಿದ ಕಲ್ಲಿನ ಕಮಲ. ಎಪ್ಪತ್ತೆರಡು ದಳ ಎಣಿಸಿರಿ ಎಂದು ನಮಗೆ ಕೆಲಸ: ಹಿಂದಿನ, ಇಂದಿನ, ಮುಂದಿನ ತೀರ್ಥಂಕರರು, ಇಪ್ಪತ್ತನಾಲ್ಕರಂತೆ ಮೂರು ಸಲ. ಕತ್ತೆತ್ತಿ ಎಣಿಸುತ್ತ ನಲವತ್ತರ ಹತ್ತಿರ ಬರುವಷ್ಟರಲ್ಲಿ ಪೀರಿಯಡ್ ಮುಗಿಯುತ್ತಿತ್ತು. ಐದು ವರ್ಷ ಹೋದರೂ ನಾನು ಎಪ್ಪತ್ತೆರಡು ಮುಟ್ಟಲಿಲ್ಲ. ಬಸದಿಯ ಶಾಸನದ ಕಲ್ಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿದೆ ಎಂಬುದನ್ನು ಮುಂದೆ ಎಂದೋ ಓದಿದೆ. ಅಪ್ಪನಿಗೆ ಗೊತ್ತಾಗಿದ್ದರೆ ಅದಕ್ಕೂ ಹಾಳೆಯಲ್ಲಿ ಒಂದು ಪೀರಿಯಡ್ ಹಾಕುತ್ತಿದ್ದರೋ ಏನೋ.

ಒಂದು ವರ್ಷ ಎಲ್ಲ ಮುಗಿಸಿ, ಕುಂದಾದ ಪೊಟ್ಟಣ ಹಿಡಿದು, ಕೆರೆಯ ಹತ್ತು ನಿಮಿಷಕ್ಕೆ ಬಂದು ಕೂತೆವು. ದಂಡೆಯ ಮೇಲೆ ಖಾಕಿ ಅಂಗಿಯ ಒಬ್ಬಾತ ಬೀಡಿ ಸೇದುತ್ತಿದ್ದ. ಹಳಿ ಕೆಲಸದವನಂತೆ. ಅಪ್ಪ ಗಡಿಯಾರ ನೋಡುವುದು, ಹಾಳೆ ನೋಡುವುದು ಕಂಡು ಕೇಳಿದ, "ಎಲ್ಲಿಗ್ರಿ ಮಾಸ್ತರ?"

"ಗುಂಜಿಗೆ. ಸಂಜೀ ಗಾಡಿಗೆ."

"ಅದರ ಹೊತ್ತು ಬದ್ಲಾಗೇತ್ರಿ. ಆಗಲೇ ಹ್ವಾತಲ್ಲ. ಇನ್ನ ರಾತ್ರಿ ಗಾಡೀನ."

ಅಪ್ಪ ಚೀಲದಿಂದ ಟೈಮ್ ಟೇಬಲ್ ತೆಗೆದು ಮೇಲಿನ ಹಾಳೆ ನೋಡಿದರು. ಹಿಂದಿನ ವರ್ಷದ್ದು. ಹೊಸದು ಬಂದು ತಿಂಗಳಾಗಿತ್ತು, ಕೊಳ್ಳುವುದು ಮರೆತಿದ್ದರು. ನಾವು ಯಾರೂ ಉಸಿರೆತ್ತಲಿಲ್ಲ. ಮಾಸ್ತರರ ಲೆಕ್ಕ ತಪ್ಪಿದಾಗ ಮಕ್ಕಳು ನಗಬಾರದು, ಅದೂ ತಮ್ಮದೇ ಮಾಸ್ತರರು. ಅವರು ಗಡಿಯಾರ ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಅವ್ವ ಒಂದೂ ಮಾತಾಡದೆ ಬುತ್ತಿಗಂಟು ಬಿಚ್ಚಿ, ಉಳಿದ ರೊಟ್ಟಿ, ಶೇಂಗಾ ಹಿಂಡಿ ಹಂಚಿದಳು. ಬೀಡಿಯವನಿಗೂ ಒಂದು ರೊಟ್ಟಿ. ಆಮೇಲೆ ಚಪ್ಪಲಿ ಬಿಟ್ಟು ಹೋಗಿ ಮೆಟ್ಟಿಲ ಮೇಲೆ ಕೂತು ಕಾಲು ನೀರಿನಲ್ಲಿ ಇಳಿಬಿಟ್ಟಳು. ಅವ್ವ ಹಾಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಮನೆಯಲ್ಲಿ ಅವಳ ಕಾಲು ನೀರಿನಲ್ಲಿರುವುದು ಬಚ್ಚಲದಲ್ಲಿ, ಇಲ್ಲವೆ ಗದ್ದೆ ನಾಟಿಯಲ್ಲಿ.

ಒಬ್ಬ ಹುಡುಗ ಗಾಳ ಹಾಕಿ ಕೂತಿದ್ದ. ಬೆಳ್ಳಕ್ಕಿಗಳು ಬಂದವು, ಹೋದವು. ಕೋಟೆಯ ಗೋಡೆ ಕೆಂಪಾಯಿತು, ಕಂದಾಯಿತು, ಕಪ್ಪಾಯಿತು. ಅಪ್ಪ ಅರ್ಧ ಗಂಟೆ ಸುಮ್ಮನಿದ್ದು, ಕೊನೆಗೆ "ನೀರು ತಣ್ಣಗೈತೇನ?" ಎಂದು ಅವ್ವನನ್ನು ಕೇಳಿದರು. "ಬಂದು ನೋಡ್ರಿ" ಎಂದಳು ಅವ್ವ. ಬರಲಿಲ್ಲ ಅನ್ನಿ. ಮಾಸ್ತರಿಕೆ ಅಷ್ಟು ಬೇಗ ಕಾಲಿನಿಂದ ಬಿಚ್ಚುವುದಿಲ್ಲ. ಮರುವರ್ಷದ ಹಾಳೆಯಲ್ಲಿ ಕೆರೆ ಒಂದು ಮೆಟ್ಟಿಲು ಮೇಲೇರಿತ್ತು: 15 ನಿಮಿಷ.

ಇಷ್ಟೆಲ್ಲ ನೆನಪಿಟ್ಟುಕೊಂಡವನು ಅಳಿಯನಿಗೆ ಎಂಥ ಪ್ಲಾನ್ ಹಾಕಬೇಕಿತ್ತು? ಒಂದೇ ಸ್ಥಳ, ಇಡೀ ದಿನ. ಆದರೆ ಗೆರೆ ಎಳೆದ ಹಾಳೆ ಕಂಡರೆ ಕೈ ಸುಮ್ಮನಿರಬೇಕಲ್ಲ. 6-30 ಸೂರ್ಯೋದಯ, 7-30 ಮಾವುಲಿ ದೇವಿ, 9-00 ನಂದಗಡ, 11-00 ಹಲಸಿ, ಊಟ, ಖಾನಾಪುರ, 6-15ಕ್ಕೆ ಕೋಟೆ ಕೆರೆಯಲ್ಲಿ ಸೂರ್ಯಾಸ್ತ. ಕಣಕುಂಬಿಯನ್ನೂ ತುರುಕಿದ್ದೆ; ಹೆಂಡತಿ ನೋಡಿ, "ಪ್ಲಾನ್ ಹಾಕಾವ್ರು ನೀವು, ಬುತ್ತಿ ಕಟ್ಟಾಕಿ ನಾನು" ಎಂದು ಅದನ್ನು ಹೊಡೆದುಹಾಕಿದಳು.

26ರ ಬೆಳಿಗ್ಗೆ ಆರೂವರೆಗೆ ನಾವೆಲ್ಲರೂ ಶಾಲು ಹೊದ್ದು ನಿಲ್ದಾಣದ ಆಚೆಯ ದಿಬ್ಬದ ಮೇಲೆ ನಿಂತಿದ್ದೆವು. ಕತ್ತಲೆ. ಮುಕ್ಕಾಲಾಯಿತು, ಮಂಜು ಬೆಳ್ಳಗಾಯಿತು. ಏಳಾಯಿತು. ಅಳಿಯನ ಮಗಳು, ಆರು ವರ್ಷದವಳು, ಕೇಳಿದಳು, "ಅಜ್ಜಾ, ಸೂರ್ಯ ರಜಾನಾ ಇವತ್ತು?" ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಏಳು ದಾಟಿದ ಮೇಲೆ, ಮೇಲಾಗಿ ಗುಡ್ಡ ಹತ್ತಿ ಬರಬೇಕು. ಮೂವತ್ತೆರಡು ನಿಮಿಷದ ಕಥೆ ಅವಳಿಗೆ ಹೇಳಿದೆ, ಅಜ್ಜಿಯ ಗೌರಿಯನ್ನೂ ಸೇರಿಸಿ. "ಗುಂಜಿಯಲ್ಲಿ ಎಲ್ಲಾನೂ ಅರ್ಧ ಗಂಟೆ ಲೇಟು" ಎಂದು ಅವಳು ಒಂದೇ ಸಾಲಿಗೆ ಇಳಿಸಿಕೊಂಡಳು. ಏಳೂವರೆಗೆ ಮರಗಳ ಸಂದಿಯಲ್ಲಿ ಸೂರ್ಯ ಕಂಡಾಗ ಅಳಿಯ ಫೋನಿನಲ್ಲಿ ಯಾರಿಗೋ ರಸ್ತೆ ಕೇಳುತ್ತಿದ್ದ.

ನಂದಗಡದಲ್ಲಿ ಹಾಳೆ ಹರಿಯಿತು. ಸಂಗೊಳ್ಳಿ ರಾಯಣ್ಣನನ್ನು ಆಲದ ಮರಕ್ಕೆ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಹುಟ್ಟಿದ್ದು ಆಗಸ್ಟ್ 15 ಎನ್ನುತ್ತಾರೆ. ದೇಶದ ಎರಡು ದೊಡ್ಡ ದಿನಗಳನ್ನು ಅವನು ನೂರಕ್ಕೂ ಹೆಚ್ಚು ವರ್ಷ ಮೊದಲೇ ಹಿಡಿದುಕೊಂಡು ಕೂತಂತಿದೆ. ಅಂಥ ದಿನವೇ ಅಲ್ಲಿ ಒಂದು ತಾಸಿನಲ್ಲಿ ಮುಗಿಸುತ್ತೇನೆ ಎಂದು ಬರೆದ ನನ್ನ ಬುದ್ಧಿಗೆ ಏನೆನ್ನಬೇಕು! ಮಾಲೆ ಹಿಡಿದವರು, ಡೊಳ್ಳಿನವರು, ಶಾಲೆಯ ಮಕ್ಕಳು. ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದ ಸಣ್ಣ ಸಣ್ಣ ತೊಟ್ಟಿಲುಗಳನ್ನು ಹುಡುಗಿ ಬಾಯಿ ತೆರೆದು ನೋಡಿದಳು. ಗಲ್ಲಿಗೇರಿದವನಿಗೆ ಜನ ತೊಟ್ಟಿಲು ಯಾಕೆ ಕಟ್ಟುತ್ತಾರೆ ಎಂದು ಅವಳು ಕೇಳಿದ್ದಕ್ಕೆ ನಾವು ಮೂವರು ದೊಡ್ಡವರು ಮೂರು ಉತ್ತರ ಕೊಟ್ಟೆವು. ಯಾವುದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಹೊರಡುವಾಗ ಹನ್ನೆರಡೂವರೆ.

ಹಲಸಿ ಒಂದು ಕಾಲಕ್ಕೆ ಪಲಾಶಿಕಾ, ಬನವಾಸಿ ಕದಂಬರ ಇನ್ನೊಂದು ರಾಜಧಾನಿ. ಈಗ ಕೋಳಿಗಳು ರಾಜಬೀದಿಯಲ್ಲಿ ಓಡಾಡುವ ತಣ್ಣನೆಯ ಹಳ್ಳಿ. ಗೋವೆಯ ಕದಂಬರ ಕಾಲದ, ಹನ್ನೆರಡನೇ ಶತಮಾನದ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು. ನಡುವೆ ನಿಂತರೆ ಒಬ್ಬ ದೇವರಿಗೆ ಬೆನ್ನು ಕೊಡಲೇಬೇಕು. ನನಗೆ ಸಣ್ಣಂದಿನಿಂದ ಇದೊಂದು ಸಂಕಟ. ಹುಡುಗಿ ಎರಡರ ನಡುವೆ ಅಡ್ಡಲಾಗಿ ನಿಂತು, ಒಂದೊಂದು ಕಡೆಗೆ ಒಂದೊಂದು ಕೈ ಚಾಚಿ ಟಾಟಾ ಮಾಡಿದಳು. ಅರವತ್ತು ವರ್ಷಕ್ಕೆ ನನಗೆ ಹೊಳೆದಿರಲಿಲ್ಲ.

ಬುತ್ತಿ ಬಿಚ್ಚಿದ್ದು ಮೂರು ಗಂಟೆಗೆ. ಖಾನಾಪುರದಲ್ಲಿ ಚಹಾ, ಅಲ್ಲಿಂದ ಮುಂದೆ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಸೂಟಿ ಮುಗಿಸಿ ಗೋವೆಯಿಂದ ಮರಳುವವರ ಕಾರು. ಅಳಿಯ ಗಳಿಗೆಗೊಮ್ಮೆ ಫೋನಿನಲ್ಲಿ ಉಳಿದ ನಿಮಿಷ ನೋಡುವುದು, ನಾನು ಅಪ್ಪನ ಎಚ್‌ಎಂಟಿ ನೋಡುವುದು. ನಾನದನ್ನು ಈಗಲೂ ಕಟ್ಟುತ್ತೇನೆ, ಈಗಲೂ ಹತ್ತು ನಿಮಿಷ ಮುಂದೆ.

ಕೋಟೆ ಕೆರೆಗೆ ಬಂದಾಗ ಮುಕ್ಕಾಲು ಏಳು. 2018ರಲ್ಲಿ ನಿಲ್ಲಿಸಿದ 110 ಮೀಟರಿನ ಧ್ವಜಸ್ತಂಭದ ಬುಡದಲ್ಲಿ ಜನವೋ ಜನ. ನೀರಿನ ಮೇಲೆ ಬೀದಿದೀಪಗಳು ತೇಲುತ್ತಿದ್ದವು. ಪಶ್ಚಿಮದಲ್ಲಿ ಒಂದು ಗೆರೆಯಷ್ಟೂ ಕೆಂಪು ಉಳಿದಿರಲಿಲ್ಲ. ಅಳಿಯ ನನ್ನ ಹಾಳೆ ತೆಗೆದು, "6-15, ಸೂರ್ಯಾಸ್ತ" ಎಂದು ಓದಿ ಸುಮ್ಮನಾದ. ಮಾಮನಿಗೆ ಇದಕ್ಕಿಂತ ಹೆಚ್ಚು ಅನ್ನುವ ಹಾಗಿಲ್ಲ.

ನಾನು ಗಂಟಲು ಸರಿಮಾಡಿಕೊಂಡೆ. "ಹಂಗಲ್ಲವಾ ಪುಟ್ಟಾ," ಎಂದೆ ಹುಡುಗಿಗೆ. "ಗಡಿಯಾರದಾಗ ಮುಕ್ಕಾಲು ಏಳು. ಆದರ ಮುಂಜಾನೆ ಹೇಳಿದ್ದೆನಲ್ಲ, ನಮ್ಮ ಸೂರ್ಯಂದು ಮೂವತ್ತೆರಡು ನಿಮಿಷ ಹಿಂದ. ಅಂದ್ರ ನಮ್ಮ ಲೆಕ್ಕದಾಗ ಈಗ ಆರೂಕಾಲು. ಬರೋಬ್ಬರಿ ಹೊತ್ತಿಗೇ ಬಂದೇವಿ."

ಅವಳು ಕೆರೆ ನೋಡಿದಳು, ಆಕಾಶ ನೋಡಿದಳು, ನನ್ನ ಮಣಿಕಟ್ಟು ನೋಡಿದಳು.

"ಹಾಗಾದ್ರೆ ಕತ್ತಲೆ ಯಾಕೆ ಆಗಿದೆ ಅಜ್ಜಾ?"

ಹೆಂಡತಿ ಆಗಲೇ ಚಪ್ಪಲಿ ಬಿಟ್ಟು ದಂಡೆಯ ಕಡೆ ನಡೆದಿದ್ದಳು.